ಫೇರ್ ಅಂದರೆ

"ಸ್ವಾಗತಕ್ಕೆ ಆ ಹುಡುಗಿ ಬೇಡ ನೀಲಾಂಬಿಕೆ. ಮುಂದೆ ನಿಲ್ಲೋರು ಸ್ವಲ್ಪ ಫೇರಾಗಿರಲಿ" ಎಂದು ಹೆಡ್‌ಮಿಸ್ಟ್ರೆಸ್ ಸುನಂದಮ್ಮ ಹೇಳಿದ್ದು ಬೆಳಿಗ್ಗೆ ಒಂಬತ್ತೂವರೆಗೆ, ಹಾಜರಿ ಪುಸ್ತಕಕ್ಕೆ ರುಜು ಹಾಕುವಾಗ. ಹೇಳಿದವರು ತಮ್ಮ ಪಾಡಿಗೆ ತಾವು ಹಾರದ ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಸಿ ಸೇವಂತಿಗೆ ಬಾಡಿದೆಯೇ ಎಂದು ಮುಟ್ಟಿ ನೋಡಿದರು. ನೀಲಾಂಬಿಕೆ "ಆಗಲಿ ಮೇಡಂ" ಎಂದಳು. ಎಂದುಬಿಟ್ಟಳು. ಸಿಟ್ಟು ಅವಳಿಗೆ ಯಾವಾಗಲೂ ತಡವಾಗಿಯೇ ಬರುತ್ತಿತ್ತು. ಮಾತು ಮುಗಿದು, ಎದುರಿಗಿದ್ದವರು ಎದ್ದುಹೋದ ಮೇಲೆ, ಸಾರಿನ ಪಾತ್ರೆ ಇಳಿಸಿಯಾದ ಮೇಲೆ ಬೆರಳು ಸುಟ್ಟದ್ದು ಗೊತ್ತಾಗುವ ಹಾಗೆ. ಆಫೀಸು ರೂಮಿನಿಂದ ಎಂಟನೇ ತರಗತಿಯ ಬಾಗಿಲವರೆಗಿನ ಇಪ್ಪತ್ತು ಹೆಜ್ಜೆಯಲ್ಲಿ ಅದು ಏರಿತು. ಯಾಕೆ ಬೇಡ ಎಂದು ಕೇಳಬಹುದಿತ್ತು. ವಾರದಿಂದ ಅವಳೇ ಕಲಿತಿದ್ದಾಳೆ ಎನ್ನಬಹುದಿತ್ತು. ಹಾಗಾದರೆ ನಾನು ಎಲ್ಲಿ ನಿಲ್ಲಲಿ ಮೇಡಂ, ಬಾಗಿಲ ಹಿಂದೆಯೋ ಎಂದು ನಗುತ್ತಲೇ ಚುಚ್ಚಬಹುದಿತ್ತು. ಒಂದೊಂದು ಹೆಜ್ಜೆಗೂ ಒಂದೊಂದು ಉತ್ತರ ಹೊಳೆಯಿತು. ಆದರೆ ಅವಳು ನಾಲ್ಕು ವರ್ಷದಿಂದ ಹಂಗಾಮಿ ಟೀಚರು. ಮೈಸೂರಿನಿಂದ ಇವತ್ತು ಬರುವ ಇನ್ಸ್‌ಪೆಕ್ಟರು ಒಂದು ಸಾಲು ಒಳ್ಳೆಯದಾಗಿ ಬರೆದರೆ ಕೆಲಸ ಕಾಯಂ ಆಗುತ್ತದೆ, ಇಲ್ಲದಿದ್ದರೆ ಇಲ್ಲ. ಕೃಷ್ಣರಾಜನಗರದ ಸರ್ಕಲ್ಲಿನಿಂದ ಸ್ಟೇಷನ್ನಿನ ಕಡೆ ಹೋಗುವ ರಸ್ತೆಯಲ್ಲಿ, ಹಳೆಯ ಭತ್ತದ ಮಂಡಿಯೊಂದನ್ನು ಬಾಡಿಗೆಗೆ ಹಿಡಿದು ನಡೆಸುತ್ತಿದ್ದ ಈ ಹೆಣ್ಣುಮಕ್ಕಳ ಶಾಲೆಯಲ್ಲಿ, ರಾಜ್ಯ ಒಂದಾದ ಮರುವರ್ಷದ ಆ ಬೆಳಿಗ್ಗೆ, ಅವಳಿಗೆ ತನ್ನ "ಆಗಲಿ ಮೇಡಂ" ಅನ್ನುವ ದನಿಯೇ ಕಿವಿಯಲ್ಲಿ ಸಿಕ್ಕಿಕೊಂಡ ನೀರಿನ ಹಾಗೆ ಗುಂಯ್ಗುಡುತ್ತಿತ್ತು.

ಬೀರಮ್ಮ ಬಾಗಿಲಲ್ಲೇ ನಿಂತಿದ್ದಳು. ನಾಲೆಯಾಚೆಯ ಹಳ್ಳಿಯಿಂದ ಎರಡು ಮೈಲಿ ನಡೆದು ಬರುವ ಹುಡುಗಿ. ಅಪ್ಪ ಜವರಯ್ಯನದು ಕಬ್ಬಿನ ಗದ್ದೆ. ಇವತ್ತು ತಲೆಗೆ ಎಣ್ಣೆ ಇಟ್ಟು ಬಿಗಿಯಾಗಿ ಎರಡು ಜಡೆ ಹಾಕಿ, ಮುಖಕ್ಕೆ ಯಾರದೋ ಪೌಡರು ಬಳಿದುಕೊಂಡು ಬಂದಿದ್ದಳು. ಕಪ್ಪು ಕೆನ್ನೆಯ ಮೇಲೆ ಪೌಡರು ಬೆವರಿಗೆ ಕಲಸಿ ಬೂದಿ ಮೆತ್ತಿದ ಹಾಗೆ ಕಾಣುತ್ತಿತ್ತು. ಅದನ್ನು ನೋಡಿ ನೀಲಾಂಬಿಕೆಗೆ ಕನಿಕರ ಬರಬೇಕಿತ್ತು; ಬಂದದ್ದು ಸಿಟ್ಟು. ಯಾಕೆ ಬಳಿದುಕೊಂಡೆ, ಯಾರು ಬಳಿದುಕೋ ಅಂದರು ನಿನಗೆ? ಚಿಕ್ಕಂದಿನಲ್ಲಿ ತನ್ನನ್ನೂ ಶುಕ್ರವಾರ ಶುಕ್ರವಾರ ಅವ್ವ ಪುಟ್ಟಮಲ್ಲಮ್ಮ ಹಿತ್ತಲ ಬಚ್ಚಲಲ್ಲಿ ಕೂರಿಸಿಕೊಂಡು ಕಡಲೆಹಿಟ್ಟಿಗೆ ಹಾಲಿನ ಕೆನೆ ಕಲಸಿ ಮೊಣಕೈ ಉರಿಯುವ ಹಾಗೆ ತಿಕ್ಕುತ್ತಿದ್ದಳು. "ಉಜ್ಜಿದ್ರೆ ಹೋಗೋ ಬಣ್ಣ ಅಲ್ಲ ಕಣೆ ಇದು. ಆದ್ರೂ ಉಜ್ಜಬೇಕು. ನಾಳೆ ಯಾರೂ ನಮ್ಮನ್ನ ಅನ್ನಬಾರದು ನೋಡು" ಎನ್ನುತ್ತಿದ್ದಳು. ಯಾರು ಏನನ್ನಬಾರದೋ ಅದನ್ನು ಅವ್ವನೇ ಮೊದಲು ಅಂದು ಮುಗಿಸಿರುತ್ತಿದ್ದಳು.

"ಬೀರಮ್ಮ, ನಿನ್ನ ಗಂಟಲು ಕಟ್ಟಿದೆ. ಸ್ವಾಗತದ ಮಾತು ಜವಳಿ ಅಂಗಡಿಯವರ ಮಗಳು ಹೇಳಲಿ" ಎಂದಳು ನೀಲಾಂಬಿಕೆ.

"ಇಲ್ಲ ಮಿಸ್, ಕಟ್ಟಿಲ್ಲ" ಎಂದಳು ಹುಡುಗಿ. ಕಟ್ಟಿಲ್ಲ ಎಂದು ತೋರಿಸಲು ಅಲ್ಲೇ, ಎಲ್ಲರ ಎದುರಿಗೆ, ಮೊದಲನೇ ವಾಕ್ಯವನ್ನು ಪೂರ್ತಿ ಹೇಳಿದಳು: ರೆಸ್ಪೆಕ್ಟೆಡ್ ಸರ್, ವಿ ವೆಲ್ಕಮ್ ಯು ಟು ಅವರ್ ಹಂಬಲ್ ಸ್ಕೂಲ್. ಒಂದಕ್ಷರ ತೊದಲಲಿಲ್ಲ. ಗಂಟೆಯ ದನಿ. ಇಡೀ ಶಾಲೆಯಲ್ಲಿ ಆ ವಾಕ್ಯವನ್ನು ಹಾಗೆ ಹೇಳುವವಳು ಇನ್ನೊಬ್ಬಳಿರಲಿಲ್ಲ.

"ಕಟ್ಟಿದೆ ಅಂದೆನಲ್ಲ. ಹೋಗಿ ಹಿಂದಿನ ಬೆಂಚಲ್ಲಿ ಕೂತುಕೋ."

ಹುಡುಗಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಅಂಗಳದಲ್ಲಿ ಆರತಿ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದ ನಾಲ್ವರನ್ನು, ಒಬ್ಬೊಬ್ಬಳನ್ನಾಗಿ, ನೋಡಿದಳು. ಲೆಕ್ಕ ಬಿಡಿಸುವ ಹುಡುಗಿಗೆ ಉತ್ತರ ಸಿಕ್ಕಿದಾಗ ಹುಬ್ಬು ಹೇಗೆ ಸಡಿಲವಾಗುತ್ತದೆಯೋ ಹಾಗೆ ಅವಳ ಹುಬ್ಬು ಸಡಿಲವಾಯಿತು. ಹಿಂದಕ್ಕೆ ಹೋಗಿ ಕೂತಳು.

ಇನ್ಸ್‌ಪೆಕ್ಟರು ಹನ್ನೊಂದು ಗಂಟೆಗೆ ಬಂದರು. ಕೋಟು, ಜರತಾರಿ ಪೇಟ, ಬಾಯಲ್ಲಿ ಏಲಕ್ಕಿ. ಜವಳಿ ಅಂಗಡಿಯವರ ಮಗಳು ಹಂಬಲ್ ಅನ್ನುವುದನ್ನು ಹ್ಯಾಂಬಲ್ ಎಂದಳು. ಅವರು ಅವಳ ಕೆನ್ನೆ ತಟ್ಟಿ "ವೆರಿ ಗುಡ್" ಎಂದರು. ಮೂರು ತರಗತಿ ನೋಡಿ, ಎಳನೀರು ಕುಡಿದು, ಎಂಟನೇ ತರಗತಿಗೆ ಬಂದು ಕುರ್ಚಿಯಲ್ಲಿ ಕೂತರು. ಸುನಂದಮ್ಮ ಬಾಗಿಲಲ್ಲಿ ನಿಂತರು. ನೀಲಾಂಬಿಕೆ ಗುಣವಾಚಕದ ಪಾಠ ಶುರುಮಾಡಿದಳು. ಅವಳ ಕೈಯಲ್ಲಿ ಸೀಮೆಸುಣ್ಣ ಎರಡು ಸಲ ಮುರಿಯಿತು. ಟಾಲ್ ಟ್ರೀ, ಸ್ವೀಟ್ ಮ್ಯಾಂಗೊ ಎಂದು ಬರೆದು ಮುಗಿಸುವುದರೊಳಗೆ ಇನ್ಸ್‌ಪೆಕ್ಟರು ಆಕಳಿಸಿ, ಎದ್ದು, ಅವಳ ಕೈಯಿಂದಲೇ ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಒಂದು ಪದ ಬರೆದರು. ಫೇರ್. ಬೆಳಗಿನ ಮಾತೇ ಹಲಗೆಯ ಮೇಲೆ ಬಂದು ಕೂತಿತ್ತು.

"ಇದರ ಅರ್ಥ ಯಾರು ಹೇಳ್ತೀರಿ?"

"ಜಾತ್ರೆ ಸಾರ್" ಎಂದಳು ಮುಂದಿನ ಬೆಂಚಿನವಳೊಬ್ಬಳು.

"ಅದು ನಾಮಪದ ಆಯಿತು. ಗುಣವಾಚಕ ಬೇಕು ನನಗೆ."

"ಬೆಳ್ಳಗಿರೋದು ಸಾರ್."

"ಭೇಷ್!" ಅವರು ಜವಳಿ ಅಂಗಡಿಯವರ ಮಗಳ ಕಡೆ ಸೀಮೆಸುಣ್ಣ ತೋರಿಸಿ, "ಶಿ ಈಸ್ ಫೇರ್. ಹೌದೋ ಅಲ್ಲವೋ?" ಎಂದರು. ತರಗತಿ ನಕ್ಕಿತು. ಹುಡುಗಿ ನಾಚಿ ತಲೆ ತಗ್ಗಿಸಿದಳು. "ಇದೇ ಪದ ಇಟ್ಟುಕೊಂಡು ಇನ್ನೊಂದು ವಾಕ್ಯ. ಯಾರು? ಸ್ವಂತ ವಾಕ್ಯ ಆಗಬೇಕು."

ಯಾರೂ ಏಳಲಿಲ್ಲ. ಹೋದ ವಾರವಷ್ಟೇ ಈ ಪದವನ್ನು ನೀಲಾಂಬಿಕೆ ಪಾಠ ಮಾಡಿದ್ದಳು. ಬಿಳಿ ಬಣ್ಣಕ್ಕೂ ಫೇರ್, ನ್ಯಾಯಕ್ಕೂ ಫೇರ್, ತಿದ್ದಿ ಚೊಕ್ಕಟವಾಗಿ ಬರೆದ ಪ್ರತಿಗೂ ಫೇರ್ ಎಂದು ಹೇಳಿಕೊಟ್ಟಿದ್ದಳು. ಆಗ ಬೀರಮ್ಮ ಎದ್ದು, ಮೈ ಫಾದರ್ ಈಸ್ ಫೇರ್ ಎಂದಾಗ ಹುಡುಗಿಯರೆಲ್ಲ ಕೊಳ್ಳೆಂದು ನಕ್ಕಿದ್ದರು. ಅವರಪ್ಪ ಗಾಡಿಯ ಕೀಲೆಣ್ಣೆಯಷ್ಟು ಕಪ್ಪು. ಬೀರಮ್ಮ ನಗು ಮುಗಿಯುವವರೆಗೆ ಕಾದು, "ಬಣ್ಣ ಅಲ್ಲ ಮಿಸ್. ನಮ್ಮಪ್ಪ ಬೆಲ್ಲ ಮುರಿದ್ರೆ ನಂಗೂ ತಮ್ಮಂಗೂ ಸಮ ಮುರೀತದೆ. ಅದ್ಕೆ" ಎಂದಿದ್ದಳು. ಆ ದಿನ ನೀಲಾಂಬಿಕೆ ಮನೆಗೆ ಹೋಗುವ ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದಳು. ನಾನು ಟೀಚರಾಗಿದ್ದಕ್ಕೂ ಸಾರ್ಥಕವಾಯಿತು ಅನ್ನಿಸಿತ್ತು.

ಈಗ ಹಿಂದಿನ ಬೆಂಚಿನಲ್ಲಿ ಬೀರಮ್ಮ ಎದ್ದು ನಿಂತಳು. ಯಾರೂ ಹೇಳು ಅನ್ನುವ ಮೊದಲೇ, ಗಂಟಲು ಕಟ್ಟದ ಆ ದನಿಯಲ್ಲಿ ಹೇಳಿದಳು.

"ಮಿಸ್ ಈಸ್ ನಾಟ್ ಫೇರ್."

ಇನ್ಸ್‌ಪೆಕ್ಟರು ನಕ್ಕರು. ಹೊಟ್ಟೆ ಕುಲುಕಿಸಿ, ಏಲಕ್ಕಿ ಸಿಪ್ಪೆ ತುಟಿಗೆ ಬರುವ ಹಾಗೆ ನಕ್ಕರು. ಅವರು ನಕ್ಕದ್ದರಿಂದ ಹುಡುಗಿಯರು ನಕ್ಕರು. "ವ್ಯಾಕರಣ ಸರಿಯಾಗೇ ಇದೆ. ಆದರೆ ಗುರುಗಳ ಬಣ್ಣ ಆಡಿಕೋಬಾರದಮ್ಮ. ಬಣ್ಣ ದೇವರು ಕೊಟ್ಟದ್ದು" ಎಂದು ಅವರು ನೀಲಾಂಬಿಕೆಯ ಕಡೆ ತಿರುಗಿ ನೋಡಿದ ನೋಟದಲ್ಲಿ ಕರುಣೆಯಿತ್ತು. ಆ ಕರುಣೆ ಅವಳ ಮೈಮೇಲೆ ಹಲ್ಲಿ ಬಿದ್ದಂತೆ ಬಿತ್ತು. "ಅದಲ್ಲ ಸಾರ್..." ಎಂದು ಬೀರಮ್ಮ ಬಾಯಿ ತೆರೆದಳು. ತೆರೆದವಳು ನೀಲಾಂಬಿಕೆಯ ಕಡೆ ನೋಡಿದಳು. ಒಂದು ಮಾತು. ಆ ಪದಕ್ಕೆ ಇನ್ನೊಂದು ಅರ್ಥ ಇದೆ ಸಾರ್, ಹುಡುಗಿ ಅದನ್ನು ಹೇಳುತ್ತಿದ್ದಾಳೆ ಎಂಬ ಒಂದು ಮಾತನ್ನು ನೀಲಾಂಬಿಕೆ ಹೇಳಿದ್ದರೆ ಸಾಕಿತ್ತು. ಹೇಳಿದರೆ ಮುಂದಿನದನ್ನೂ ಹೇಳಬೇಕಿತ್ತು: ನಾನು ಏನು ಮಾಡಿದೆ, ಯಾಕೆ ಮಾಡಿದೆ. ಕಪ್ಪಗಿರುವ ಪಾಪದವಳಾಗಿ ನಿಲ್ಲುವುದು ಸುಲಭವಾಗಿತ್ತು. ಆ ಜಾಗ ಅವಳಿಗೆ ಹಳೆಯದು.

"ಸಿಟ್ ಡೌನ್" ಎಂದಳು ನೀಲಾಂಬಿಕೆ.

ಹನ್ನೊಂದು ವರ್ಷದ ಹಿಂದೆ ಪಿರಿಯಾಪಟ್ಟಣದಿಂದ ಬಂದ ಕಾರ್ಡಿನಲ್ಲೂ ಇಷ್ಟೇ ಇತ್ತು: ದಿ ಗರ್ಲ್ ಈಸ್ ನಾಟ್ ಫೇರ್. ಹೆಣ್ಣು ನೋಡಿಕೊಂಡು ಹೋದ ಸಿದ್ದಮಲ್ಲಪ್ಪ ಮೈಸೂರಲ್ಲಿ ಬಿ.ಎ. ಓದುತ್ತಿದ್ದವನು, ಕನ್ನಡದಲ್ಲಿ ಬರೆದರೆ ಎಲ್ಲಿ ಸಣ್ಣವನಾಗುತ್ತೇನೋ ಎಂದು ಇಂಗ್ಲಿಷಿನಲ್ಲಿ ಬರೆದಿದ್ದ. ಅಪ್ಪಾಜಿ ಚಿಕ್ಕಬಸಪ್ಪನವರಿಗೆ ಭತ್ತದ ವ್ಯಾಪಾರದ ಇಂಗ್ಲಿಷು ಮಾತ್ರ ಗೊತ್ತು. ಕಾರ್ಡನ್ನು ಸ್ಟೇಷನ್ ಮಾಸ್ಟರ ಹತ್ತಿರ ಓದಿಸಿದರು. ಆ ಪುಣ್ಯಾತ್ಮ, ಫೇರ್ ಅಂದರೆ ನ್ಯಾಯ, ನೇರ ನಡತೆ, ಹುಡುಗಿ ನೇರ ಇಲ್ಲ ಅಂತ ಬರೆದಿದ್ದಾನೆ ಯಜಮಾನರೇ ಎಂದುಬಿಟ್ಟ. ಅಪ್ಪಾಜಿ ಮೆಟ್ಟು ಬಿಡದೆ ಒಳಗೆ ಬಂದರು. ದೇವರ ಗೂಡಿನ ಮುಂದೆ ಕೂತು ಅಕ್ಕಿ ಆರಿಸುತ್ತಿದ್ದವಳ ಜಡೆ ಹಿಡಿದು ಎಬ್ಬಿಸಿ, "ಯಾರ ಜೊತೆ ಏನು ಮಾಡಿಕೊಂಡೆ, ಬೊಗಳು" ಎಂದು ಕೆನ್ನೆಗೆ ಹೊಡೆದರು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಕಾರ್ಡು ನೆಲದ ಮೇಲೆ ಬಿದ್ದಿತ್ತು. ನೀಲಾಂಬಿಕೆಯೇ ಅದನ್ನು ಎತ್ತಿಕೊಂಡು ಓದಿದಳು; ಲೋಯರ್ ಸೆಕೆಂಡರಿ ಪಾಸಾಗಿದ್ದವಳು ಆ ಮನೆಯಲ್ಲಿ ಅವಳೊಬ್ಬಳೇ. ಓದಿ, ತನ್ನ ಬಾಯಿಂದ ತಾನೇ ಅರ್ಥ ಹೇಳಿದಳು. "ನಡತೆ ಅಲ್ಲ ಅಪ್ಪಾಜಿ. ಕಪ್ಪಗಿದೀನಿ ಅಂತ." ಅಪ್ಪಾಜಿ ಅವಳ ಮುಖ ನೋಡಿದರು, ಮೊದಲ ಸಲ ನೋಡುವವರ ಹಾಗೆ. ನೋಡಿ, ಕಂಬಕ್ಕೆ ಒರಗಿ ಕೂತು, "ಅಷ್ಟೇ ತಾನೆ!" ಎಂದು ನಕ್ಕುಬಿಟ್ಟರು. "ಶಿವ ದೊಡ್ಡವನು. ಎದೆ ಒಡೆದು ಹೋಗಿತ್ತಲ್ಲೇ. ಪುಟ್ಟಮಲ್ಲೀ, ಒಂದು ಲೋಟ ಮಜ್ಜಿಗೆ ಕೊಡು." ಮಜ್ಜಿಗೆ ಕುಡಿದರು, ಮೀಸೆ ಒರೆಸಿಕೊಂಡರು, ಮಂಡಿಗೆ ಹೋದರು. ಹೊಡೆತದ ಉರಿ ಸಂಜೆಗೆ ಹೋಯಿತು. ಆ ನಗು ಅವಳ ಮೈಯಲ್ಲಿ ಉಳಿಯಿತು. ಮಗಳ ಕೇಡಲ್ಲ, ಬರೀ ಮಗಳ ಬಣ್ಣ ಎಂದು ಗೊತ್ತಾದ ನಿರಾಳದ ನಗು. ಆ ನಗುವನ್ನು ಯಾರ ಮೇಲೆ ಹೊರಿಸಬೇಕೋ ಅವಳಿಗೆ ತಿಳಿಯಲೇ ಇಲ್ಲ. ಅಪ್ಪಾಜಿ ಸತ್ತಾಗ ಅಳುವಾಗಲೂ ಅದು ನಡುವೆ ಬಂದು ನಿಂತಿತ್ತು.

ಇನ್ಸ್‌ಪೆಕ್ಟರು ಊಟಕ್ಕೆ ಹೋದ ಮೇಲೆ ಸುನಂದಮ್ಮ ಇಬ್ಬರನ್ನೂ ಆಫೀಸು ರೂಮಿಗೆ ಕರೆದರು. ಕೆಟ್ಟ ಹೆಂಗಸಲ್ಲ ಸುನಂದಮ್ಮ. ಫೀಜು ಕಟ್ಟಲಾರದ ಹುಡುಗಿಯರಿಗೆ ಪುಸ್ತಕ ಕೊಡಿಸಿದವರು. "ಮೈಸೂರಿನವರ ಎದುರಿಗೆ ಶಾಲೆಯ ಮಾನ ತೆಗೆದಳಲ್ಲ. ಎರಡು ಬಿಡಿ ಇವಳಿಗೆ. ನೀವು ಬಿಡದಿದ್ದರೆ ನಾನು ಹೆಸರು ಹೊಡೆದು ಮನೆಗೆ ಕಳಿಸ್ತೀನಿ" ಎಂದು ಮೇಜಿನ ಮೇಲಿದ್ದ ರೂಲುದೊಣ್ಣೆಯನ್ನು ನೂಕಿದರು. ಹೆಸರು ಹೊಡೆದರೆ ಹುಡುಗಿಯ ಓದು ಇಲ್ಲಿಗೆ ಮುಗಿಯುತ್ತದೆ, ಎರಡೇಟು ಹೊಡೆದರೆ ಉಳಿಯುತ್ತದೆ ಎಂದು ನೀಲಾಂಬಿಕೆ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದು ಸುಳ್ಳೇನಲ್ಲ. ಬೀರಮ್ಮ ಕೈ ನೀಡಿದಳು. ಮೊದಲನೇ ಏಟು ಶಾಸ್ತ್ರಕ್ಕೆ ಬಿದ್ದಿತು. ಎರಡನೆಯದು ಎಲ್ಲಿಂದಲೋ ಬಂತು. ಇನ್ಸ್‌ಪೆಕ್ಟರ ಹೊಟ್ಟೆ, ಏಲಕ್ಕಿ ಸಿಪ್ಪೆ, ಮಜ್ಜಿಗೆಯ ಲೋಟ, ಕಡಲೆಹಿಟ್ಟು, ಎಲ್ಲ ಸೇರಿ ತೋಳಿಗೆ ಇಳಿದು ಬಂದ ಏಟು. ರೂಲುದೊಣ್ಣೆ ಅವಳ ಕೈಯಿಂದಲೇ ಜಾರಿ ನೆಲಕ್ಕೆ ಬಿತ್ತು. ಹುಡುಗಿಯ ಅಂಗೈಯ ಎಳೆಗೆಂಪಿನ ಮೇಲೆ ಅಡ್ಡಗೆರೆ ಎದ್ದಿತು. ಅಳಲಿಲ್ಲ ಅವಳು. ಬಿದ್ದ ದೊಣ್ಣೆಯನ್ನು ಇನ್ನೊಂದು ಕೈಯಿಂದ ಎತ್ತಿ ಮೇಜಿನ ಮೇಲಿಟ್ಟು ಹೊರಗೆ ಹೋದಳು. ಹಾಗೆ ಎತ್ತಿಟ್ಟದ್ದನ್ನು ನೀಲಾಂಬಿಕೆಗೆ ಸಹಿಸಲಾಗಲಿಲ್ಲ. ಅತ್ತಿದ್ದರೆ, ಬೈದಿದ್ದರೆ, ಚೆನ್ನಾಗಿತ್ತು.

ಮೂರೂವರೆಗೆ ಇನ್ಸ್‌ಪೆಕ್ಟರು ವರದಿ ಬರೆದಿಟ್ಟು ಕಾರು ಹತ್ತಿದರು. ಸುನಂದಮ್ಮ ವರದಿ ಪುಸ್ತಕವನ್ನು ಅವಳ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದರು. ಮಿಸ್ ನೀಲಾಂಬಿಕೆ, ಹಂಗಾಮಿ, ಎಂಟನೇ ತರಗತಿ, ಇಂಗ್ಲಿಷ್. ಬೋಧನೆ: ಫೇರ್. ಸುಂದರವಾದ ಅಕ್ಷರ, ಕೊನೆಯಲ್ಲಿ ಬಾಲದಂಥ ಒಂದು ಗೀಟು.

"ಎಕ್ಸಲೆಂಟು, ಗುಡ್ಡು, ಫೇರು, ಪೂರು, ಹೀಗೆ ನಾಲ್ಕು ದರ್ಜೆ ಇರುತ್ತೆ. ಪೂರ್ ಅಂತ ಹಾಕಲಿಲ್ಲವಲ್ಲ, ಸಮಾಧಾನ ಮಾಡಿಕೊಳ್ಳಿ" ಎಂದರು ಸುನಂದಮ್ಮ. "ಕಾಯಂ ಮಾಡಿಸೋಕೆ ಇದು ಸಾಲದು. ಮುಂದಿನ ವರ್ಷ ನೋಡೋಣ."

ನೀಲಾಂಬಿಕೆ ಜೋರಾಗಿ ನಕ್ಕಳು. ಸುನಂದಮ್ಮ ಬೆಚ್ಚಿದರು. ಸುಮಾರು, ಪರವಾಗಿಲ್ಲ, ತೇಲಿಸಬಹುದು. ಅದಕ್ಕೂ ಇದೇ ಪದ. ಬೆಳ್ಳಗಿದ್ದವರಿಗೆ ಮುಂದಿನ ಸಾಲು ಕೊಡುವ ಪದ, ಕಪ್ಪಗಿದ್ದವಳ ನಾಲ್ಕು ವರ್ಷದ ದುಡಿಮೆಗೆ ಅಡ್ಡಗೀಟು ಎಳೆಯುವ ಪದ. ಬೆಳಿಗ್ಗೆ ಇವರ ಮಾತಿಗೆ ತಲೆ ಆಡಿಸಿದ್ದು, ಹುಡುಗಿಗೆ ಸುಳ್ಳು ಹೇಳಿದ್ದು, ಸಿಟ್ ಡೌನ್ ಅಂದದ್ದು, ಹೊಡೆದದ್ದು, ಎಲ್ಲವೂ ಈ ಒಂದು ಸಾಲಿಗಾಗಿ. ಮೈಯೆಲ್ಲ ಉರಿದು, ಆ ಹಾಳೆಯನ್ನು ಹರಿದು ಬಾಯಿಗೆ ತುರುಕಬೇಕು ಅನ್ನಿಸಿತು. ಯಾರ ಬಾಯಿಗೆ ಎಂದು ಮಾತ್ರ ಸ್ಪಷ್ಟವಿರಲಿಲ್ಲ. ಪೆನ್ನು ತೆಗೆದುಕೊಂಡು ಓದಿದ್ದೇನೆ ಎಂದು ರುಜು ಹಾಕಿದಳು.

ಶಾಲೆ ಬಿಡುವ ಗಂಟೆ ಹೊಡೆಯಿತು. ಹುಡುಗಿಯರು ಹೊರಬೀಳುವ ಗದ್ದಲದಲ್ಲಿ ಅವಳು ಗೇಟಿನ ಹತ್ತಿರ ಬಂದಾಗ ಅಲ್ಲಿ ಜವರಯ್ಯ ನಿಂತಿದ್ದ. ಆಲೆಮನೆಗೆ ಕಬ್ಬು ಹಾಕಿ ಬರಿಗಾಡಿಯಲ್ಲಿ ವಾಪಸಾಗುವಾಗ ಮಗಳನ್ನು ಕೂರಿಸಿಕೊಂಡು ಹೋಗೋಣವೆಂದು ಬಂದವನು. ಸುನಂದಮ್ಮ ಆಗಲೇ ಗೇಟಿಗೆ ಬಂದು, ತರಗತಿಯಲ್ಲಿ ಆದದ್ದನ್ನು ಅವನಿಗೆ ಹೇಳಿ, ಪಕ್ಕದಲ್ಲೇ ನಿಂತಿದ್ದರು. ಅವನು ತಲೆವಸ್ತ್ರ ಬಿಚ್ಚಿ ಕಂಕುಳಲ್ಲಿಟ್ಟುಕೊಂಡಿದ್ದ. ಬೀರಮ್ಮನ ರಟ್ಟೆಯನ್ನು ಹಿಡಿದುಕೊಂಡಿದ್ದ. ನೀಲಾಂಬಿಕೆಯನ್ನು ನೋಡಿದ್ದೇ ಅವನ ಮುಖ ಸಣ್ಣಗಾಯಿತು.

"ಅಮ್ಮಾವ್ರೆ, ನಮ್ ಮಗ ನಿಮ್ ಬಣ್ಣ ಆಡ್ಕಂಡ್ಳಂತೆ. ದೊಡ್ಡೋರು ಬಂದಿರೋ ವತ್ನಲ್ಲಿ ಇಂಗ್ ಅಂದವ್ಳೆ. ನಮ್ಮಟ್ಟೀಲಿ ಅಂತಾ ಮಾತ್ ಕಲಿಸಿಲ್ಲ ಕಣ್ರವ್ವ. ಒಟ್ಟೇಗ್ ಆಕ್ಕಳಿ" ಎಂದವನು ಮಗಳ ಕಡೆ ತಿರುಗಿ, "ಬೀಳಮ್ಮಿ ಕಾಲ್ಗೆ. ಬೀಳು ಅಂತೀನಿ" ಎಂದ.

ಬೀರಮ್ಮ ಬೀಳಲಿಲ್ಲ. ಅವಳು ಕೈಯನ್ನು ಲಂಗದ ಮಡಿಕೆಯಲ್ಲಿ ಮುಚ್ಚಿಟ್ಟುಕೊಂಡಿದ್ದಳು. ಅಪ್ಪನಿಗೆ ಏಟಿನ ವಿಷಯ ಹೇಳಿಲ್ಲವೆಂದು ನೀಲಾಂಬಿಕೆಗೆ ತಿಳಿಯಿತು. ಅವನು ಮಗಳ ಕತ್ತಿನ ಮೇಲೆ ಕೈಯಿಟ್ಟು ಬಗ್ಗಿಸತೊಡಗಿದ. ಅವಳ ಮುಖದ ಪೌಡರು ಯಾವಾಗಲೋ ತೊಳೆದುಹೋಗಿತ್ತು.

"ಬಿಡಿ ಅವಳನ್ನ" ಎಂದಳು ನೀಲಾಂಬಿಕೆ. ದನಿ ತಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಗೇಟಿನಲ್ಲಿದ್ದ ಹುಡುಗಿಯರು ತಿರುಗಿ ನಿಂತರು. "ಅವಳು ನನ್ನ ಬಣ್ಣ ಆಡಿಕೊಳ್ಳಲಿಲ್ಲ ಜವರಯ್ಯನೋರೆ. ಆ ಇಂಗ್ಲಿಷ್ ಮಾತಿಗೆ ಇನ್ನೊಂದು ಅರ್ಥ ಇದೆ. ಮಿಸ್ಸು ನ್ಯಾಯವಾಗಿ ನಡಕೊಳ್ಳಲಿಲ್ಲ ಅಂತ ಅಂದಳು. ಅವಳು ಅಂದದ್ದು ನಿಜ."

"ನೀಲಾಂಬಿಕೆ, ಒಳಗೆ ಬನ್ನಿ" ಎಂದರು ಸುನಂದಮ್ಮ.

"ಬರ್ತೀನಿ ಮೇಡಂ. ಹೇಳಿ ಬರ್ತೀನಿ." ಅವಳು ಮತ್ತೆ ಜವರಯ್ಯನ ಕಡೆಗೇ ತಿರುಗಿದಳು. "ಇವತ್ತು ಸಾಹೇಬರ ಮುಂದೆ ಮಾತಾಡಬೇಕಾಗಿದ್ದೋಳು ಇವಳು. ವಾರದಿಂದ ಕಲಿತಿದ್ದಳು. ಕಪ್ಪಗಿದ್ದಾಳೆ ಅಂತ ತೆಗೆದು ಹಿಂದೆ ಕೂರಿಸಿದೆ. ಗಂಟಲು ಕಟ್ಟಿದೆ ಅಂತ ಸುಳ್ಳು ಹೇಳಿದೆ. ಆಮೇಲೆ ಅವಳು ನಿಜ ಹೇಳಿದ್ದಕ್ಕೆ ಹೊಡೆದೆ. ಕೈ ನೋಡಿ."

ಜವರಯ್ಯ ಮಗಳ ಕೈಯನ್ನು ಲಂಗದಿಂದ ಬಿಡಿಸಿ ನೋಡಿದ. ಹೆಬ್ಬೆರಳಿನಿಂದ ಆ ಗೆರೆಯನ್ನು ಮುಟ್ಟಿದ. ಅವನು ಕೂಗಾಡುತ್ತಾನೆ ಎಂದು ನೀಲಾಂಬಿಕೆ ಕಾದಳು. ಕೂಗಾಡಲಿ ಎಂದು ಬೇಡಿದಳು. ಅಪ್ಪಾಜಿಯ ಹಾಗೆ ಅಷ್ಟೇ ತಾನೆ ಎಂದು ನಕ್ಕರೆ ತಾನು ಇಲ್ಲೇ ಚೀರಿಬಿಡುತ್ತೇನೆ ಎಂದೂ ಅನ್ನಿಸಿತು. ಅವನು ಎರಡನ್ನೂ ಮಾಡಲಿಲ್ಲ. ತಲೆಯೆತ್ತಿ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದ, ಅರ್ಥವಾಗದ್ದನ್ನು ಅರ್ಥ ಮಾಡಿಕೊಳ್ಳಲು ನೋಡುವ ಹಾಗೆ.

"ಅಲ್ಲ ಕಣ್ರವ್ವ," ಎಂದ ಮೆಲ್ಲಗೆ, "ನೀವೂ ಕಪ್ಪಗೇ ಇದ್ದೀರಲ್ಲ!"

ಬೆಳಗಿನಿಂದ ಹೊಳೆದ ನೂರು ಉತ್ತರಗಳಲ್ಲಿ ಒಂದೂ ಈ ಮಾತಿಗೆ ಹೊಂದುತ್ತಿರಲಿಲ್ಲ. ಹುಡುಗಿಯರು ನೋಡುತ್ತಿದ್ದರು. ಬೆನ್ನ ಹಿಂದೆ ಸುನಂದಮ್ಮ ಒಳಗೆ ಹೋದ ಸದ್ದಾಯಿತು. ನಾಳೆ ಅವರು ಏನು ಬರೆದು ಎಲ್ಲಿಗೆ ಕಳಿಸುತ್ತಾರೋ, ಮುಂದಿನ ವರ್ಷವೆಂಬುದು ತನಗೆ ಈ ಶಾಲೆಯಲ್ಲಿ ಇದೆಯೋ ಇಲ್ಲವೋ. ಅದೆಲ್ಲ ದೂರದಲ್ಲೆಲ್ಲೋ ಇತ್ತು. ಜವರಯ್ಯ ತಲೆವಸ್ತ್ರ ಕೊಡವಿ ಸುತ್ತಿಕೊಂಡ. ಮಗಳ ಪುಸ್ತಕದ ಚೀಲವನ್ನು ತಾನೇ ತೆಗೆದುಕೊಂಡು ಗಾಡಿಯ ಕಡೆ ನಡೆದ. ಎತ್ತುಗಳು ಬಾಲ ಬಡಿಯುತ್ತಿದ್ದವು.

"ನಾಳೆ ಕಳಿಸ್ತೀರಾ ಇವಳನ್ನ?" ಎಂದು ಅವನ ಹಿಂದೆಯೇ ಹೋಗಿ ಕೇಳಿದಳು ನೀಲಾಂಬಿಕೆ. ತನ್ನ ಸ್ವರ ಹೀಗೆ ಯಾಚನೆಯಾದದ್ದನ್ನು ಕೇಳಿ ಅವಳಿಗೇ ಸಿಗ್ಗಾಯಿತು.

"ನನ್ನೇನ್ ಕೇಳೀರಿ? ಏಟ್ ತಿಂದೋಳು ಅವ್ಳು. ಅವ್ಳ್ನೇ ಕೇಳಿ" ಎಂದ ಜವರಯ್ಯ, ನೊಗದ ಕಣ್ಣಿ ಸರಿಮಾಡುತ್ತ.

ಬೀರಮ್ಮ ಗಾಡಿಯ ಚಕ್ರಕ್ಕೆ ಕಾಲಿಟ್ಟಿದ್ದವಳು ನಿಂತಳು. ನೀಲಾಂಬಿಕೆ ಅವಳ ಹತ್ತಿರ ಹೋದಳು. ತಪ್ಪಾಯಿತು ಅನ್ನುವ ಮಾತು ನಾಲಗೆಯ ತುದಿಗೆ ಬಂದು, ಎಷ್ಟು ಅಗ್ಗದ ಮಾತದು ಅನ್ನಿಸಿ ಅಲ್ಲೇ ನಿಂತಿತು.

"ಬರ್ತೀಯಾ ಬೀರಮ್ಮ?"

ಹುಡುಗಿ ಯೋಚಿಸಿದಳು. ಬೆಳಿಗ್ಗೆ ಅಂಗಳದ ಸಾಲನ್ನು ನೋಡಿದಂತೆಯೇ, ಅವಸರವಿಲ್ಲದೆ, ಟೀಚರ ಮುಖವನ್ನು ನೋಡಿದಳು.

"ನಾಳೆ ಇನ್ಸ್‌ಪೆಕ್ಟ್ರು ಬತ್ತಾರಾ ಮಿಸ್?"

"ಇಲ್ಲ."

"ಅಂಗಾರೆ ಬತ್ತೀನಿ" ಎಂದು ಬೀರಮ್ಮ ಗಾಡಿ ಹತ್ತಿ, ಬೆನ್ನು ತಿರುಗಿಸಿ ಕೂತಳು.